ನನ್ನ ನೀಲಿ ಅಂಗಿಯ ನಿಖರ ವಿಳಾಸ

"ಅಲ್ಲೇ ಇದೆ ನೋಡ್ರೀ!"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಬಾಚಣಿಗೆ ಎಲ್ಲಿ? ಅಲ್ಲೇ ಇದೆ. ಟಾರ್ಚು? ಅಲ್ಲೇ ಇದೆ. ಬನಿಯನ್ನು? ಅಲ್ಲೇ, ಕಣ್ಣೆದುರಿಗೇ ಇದೆ, ಸ್ವಲ್ಪ ಕಣ್ಣು ಬಿಟ್ಟು ನೋಡಿ. ಓದುಗ ಮಹಾಶಯರೇ, ನೀವೇ ನ್ಯಾಯ ಹೇಳಿ. ಈ 'ಅಲ್ಲೇ' ಎಂಬುದು ಯಾವ ನಕ್ಷೆಯಲ್ಲಿದೆ? ಅದಕ್ಕೆ ಅಕ್ಷಾಂಶವುಂಟೇ? ರೇಖಾಂಶವುಂಟೇ? ನೆಲದಿಂದ ಇಷ್ಟು ಎತ್ತರ ಎಂದು ಯಾರಾದರೂ ಅಳೆದಿದ್ದಾರೆಯೇ?

ಬೇರೆ ಗಂಡಂದಿರು ಇದನ್ನು ಸಹಿಸಿಕೊಳ್ಳಬಹುದು. (ಸಹಿಸಿಕೊಳ್ಳುತ್ತಿದ್ದಾರೆ, ಪಾಪ. ಮುಖ ನೋಡಿದರೇ ಗೊತ್ತಾಗುತ್ತದೆ.) ನಾನು ಸಹಿಸಲಾರೆ. ಏಕೆಂದರೆ ನಾನು ನಗರಸಭೆಯ ವಿಳಾಸ ವಿಭಾಗದಲ್ಲಿ ಹಿರಿಯ ಸರ್ವೇಯರ್. ಊರಿನ ಪ್ರತಿಯೊಂದು ಬಾಗಿಲೂ ಭೂಮಿಯ ಮೇಲೆ ನಿಖರವಾಗಿ ಎಲ್ಲಿದೆ ಎಂದು ಹೇಳುವುದೇ ನನ್ನ ಉದ್ಯೋಗ. ಮೊದಲೆಲ್ಲ ನಮ್ಮೂರಿನ ವಿಳಾಸಗಳು 'ಹಿಟ್ಟಿನ ಗಿರಣಿ ಹಿಂದೆ, ಕಚ್ಚುವ ನಾಯಿ ಇರುವ ಮನೆಯ ಎದುರು' ಎಂಬಂತಿದ್ದವು. ನಾಯಿ ಸತ್ತರೆ ಎದುರು ಮನೆಯವರಿಗೆ ಕಾಗದ ಬರುವುದು ನಿಂತುಹೋಗುತ್ತಿತ್ತು. ಈಗ ಹಾಗಲ್ಲ. ನಾವು ಬೆನ್ನಿಗೆ ಸ್ಕ್ಯಾನರ್ ಕಟ್ಟಿಕೊಂಡು ಬೀದಿ ಬೀದಿ ನಡೆಯುತ್ತೇವೆ. ನಮ್ಮ ತಲೆಗಿಂತ ಮೇಲೆ ಅದರ ಬುರುಡೆ ಗಿರ್ರನೆ ತಿರುಗುತ್ತ ನಾಲ್ಕು ದಿಕ್ಕಿಗೂ ಲೇಸರ್ ಕಿರಣ ಬಿಡುತ್ತದೆ. ಕಿರಣ ಎಲ್ಲಿ ಬಡಿಯಿತೋ ಅಲ್ಲೊಂದು ಚುಕ್ಕೆ. ಅಂಥ ಕೋಟಿಗಟ್ಟಲೆ ಚುಕ್ಕೆಗಳು ಕೂಡಿ ಉದ್ದ, ಅಗಲ, ಎತ್ತರ ಮೂರೂ ಇರುವ ನಕ್ಷೆಯಾಗುತ್ತದೆ. ಪ್ರತಿ ಬಾಗಿಲಿಗೂ ಎಂಟು ಅಕ್ಷರದ ಒಂದು ಕೋಡು. ಅದನ್ನು ಮೊಬೈಲಿಗೆ ಹಾಕಿಕೊಂಡು ಹೊರಟರೆ ಕೆಳಗಿನ ಮನೆಯ ಕಾಗದ ಮೇಲಿನ ಮನೆಗೆ ಹೋಗುವ ಪ್ರಶ್ನೆಯೇ ಇಲ್ಲ. ಒಂದು ಗೇಣೂ ಆಚೀಚೆ ಆಗುವುದಿಲ್ಲ.

ಇಂಥ ಮನುಷ್ಯ ಮನೆಗೆ ಬಂದು ತನ್ನ ಕನ್ನಡಕ ಎಲ್ಲಿ ಎಂದು ಕೇಳಿದಾಗ 'ಅಲ್ಲೇ' ಎನ್ನುವುದು ಬರೀ ಗಂಡನಿಗೆ ಮಾಡುವ ಅವಮಾನವಲ್ಲ. ಅದು ವಿಜ್ಞಾನಕ್ಕೇ ಮಾಡುವ ಅವಮಾನ.

ನನ್ನ ಹೆಂಡತಿ ಟೈಲರ್. ಒಳ್ಳೆಯ ಟೈಲರ್ ಎಂದು ಬೀದಿಯೇ ಹೇಳುತ್ತದೆ, ಆದ್ದರಿಂದ ನಾನು ಪ್ರತ್ಯೇಕವಾಗಿ ಹೇಳುವ ಅಗತ್ಯ ಇದುವರೆಗೆ ಬಿದ್ದಿಲ್ಲ. ಅವಳ ಹೊಲಿಗೆ ಮೆಷಿನ್ನು ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿನಲ್ಲಿ. ಅದರ ಅಗಲ ಮೂರೂಕಾಲು ಅಡಿ. ಅವಳು ಹೊಲಿಯುತ್ತಿರುವಾಗ ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಅವಳು ಎದ್ದು, ಸ್ಟೂಲು ಎತ್ತಿಕೊಂಡು, ಗೋಡೆಗೆ ಅಂಟಿ ನಿಲ್ಲಬೇಕು. ಬಟ್ಟೆ ಕತ್ತರಿಸುವುದು ನೆಲದ ಮೇಲೆ, ಮೊಣಕಾಲೂರಿಕೊಂಡು. ಮನೆಯಲ್ಲಿ ಬೀದಿಗೇ ಬಾಗಿಲಿರುವ, ಗಾಳಿ ಬೆಳಕು ಧಾರಾಳವಾಗಿರುವ ಇನ್ನೊಂದು ಕೋಣೆ ಇದೆ. ಅದು ನನ್ನದು. ಇಪ್ಪತ್ತು ವರ್ಷದ ಹಳೆಯ ಕಾಗದದ ನಕ್ಷೆಗಳನ್ನು ಸುರುಳಿ ಸುತ್ತಿ, ಕಬ್ಬಿಣದ ರ‍್ಯಾಕುಗಳಲ್ಲಿ ನೆಲದಿಂದ ಸೂರಿನವರೆಗೆ ಪೇರಿಸಿಟ್ಟಿದ್ದೆ. ನಾನು ಅದನ್ನು ನಕ್ಷಾಲಯ ಎನ್ನುತ್ತಿದ್ದೆ, ಅವಳು ಗೋಡೌನು ಎನ್ನುತ್ತಿದ್ದಳು. ಮನೆಮಂದಿಯೆಲ್ಲ ಪಕ್ಕದ ಓಣಿಯ ಬಾಗಿಲಿನಿಂದ ಓಡಾಡುತ್ತಿದ್ದರೂ, ನಮ್ಮ ಬೀದಿಗೆ ಕೋಡು ಕೊಡುವಾಗ ಮನೆಯ ಕೋಡನ್ನು ನಾನು ಅಭಿಮಾನಪೂರ್ವಕವಾಗಿ ನಕ್ಷಾಲಯದ ಬಾಗಿಲಿಗೇ ಕೊಟ್ಟುಕೊಂಡಿದ್ದೆ.

ಹೀಗಿರುವಾಗ ಒಂದು ಶುಕ್ರವಾರ ದೊಡ್ಡಾಸ್ಪತ್ರೆಯ ಹೆಡ್ ನರ್ಸು ಬಂದರು. ನಲವತ್ತು ಬಿಳಿ ಕೋಟು ಹೊಲಿಸಬೇಕಂತೆ. ಚೆನ್ನಾಗಿ ಬಂದರೆ ವರ್ಷ ವರ್ಷವೂ ಕೊಡುತ್ತಾರಂತೆ.

"ಕೆಲಸ ನಿಮಗೇ ಕೊಡ್ಬೇಕು ಅಂತ ನನಗಾಸೆ," ಎಂದರು ಅವರು, ಪ್ಯಾಸೇಜಿನಲ್ಲಿ ಅಡ್ಡಡ್ಡವಾಗಿ ನಿಂತು. "ಆದ್ರೆ ಬಿಳಿ ಬಟ್ಟೆ ನೋಡಿ. ಬಚ್ಚಲ ಬಾಗಿಲಲ್ಲಿ ನೆಲಕ್ಕೆ ಹಾಸಿ ಕತ್ತರಿಸಿದ್ರೆ ನಮ್ಮವರು ಒಪ್ಪಲ್ಲ. ಒಂದು ಕೋಣೆ, ಒಂದು ಮೇಜು ಅಂತ ಆದ್ರೆ ಹೇಳಿ. ಒಂದನೇ ತಾರೀಕಿನವರೆಗೂ ಕಾಯ್ತೀನಿ."

ಅವರು ಹೋದ ಮೇಲೆ ಹೆಂಡತಿ ಬಂದು ನಕ್ಷಾಲಯದ ಬಾಗಿಲಲ್ಲಿ ನಿಂತಳು. ನಾನು ಒಂದು ನಕ್ಷೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಮರುದಿನ ಬೆಳಗ್ಗೆ ನನ್ನ ನೀಲಿ ಅಂಗಿ ಸಿಗಲಿಲ್ಲ.

"ನನ್ನ ನೀಲಿ ಅಂಗಿ ಎಲ್ಲಿ?"

"ಅಲ್ಲೇ ಇದೆ ನೋಡ್ರೀ."

ಪಿತ್ತ ನೆತ್ತಿಗೇರಿತು. "ಅಲ್ಲೇ ಅಂದ್ರೆ ಎಲ್ಲಿ? ಒಂದು ಅಳತೆ ಬೇಡ್ವಾ? ಒಂದು ಗುರುತು ಬೇಡ್ವಾ? ಈ ಮನೇಲಿ ವಸ್ತು ಇಟ್ಟ ಕಡೆ ಇರೋದೇ ಇಲ್ಲ. ಎಲ್ಲ ಮಂಗಮಾಯ!"

"ನೀವು ಇಟ್ಟಿದ್ರೆ ತಾನೇ ಇರೋದು. ಇಡೋಳು ನಾನು. ನನಗೆಲ್ಲ ಗೊತ್ತು."

"ನಿನ್ನ ತಲೇಲಿದ್ರೆ ನಾಡಿಗೇನು ಪ್ರಯೋಜನ? ಇನ್ಮೇಲೆ ಈ ಮನೇಲಿ ನಾನು 'ಎಲ್ಲಿ' ಅಂತ ಕೇಳಲ್ಲ ಕಣೇ! ಇಡೀ ಮನೇನ ಸ್ಕ್ಯಾನ್ ಮಾಡ್ತೀನಿ. ಸೂಜಿಗೂ ಒಂದು ವಿಳಾಸ ಕೊಡ್ತೀನಿ!"

"ಎಷ್ಟು ದಿವಸ ಕೇಳಲ್ಲ?"

"ಜೀವಮಾನ ಪೂರ್ತಿ!"

"ಅಷ್ಟೊಂದು ಬೇಡ. ಹದಿನೈದು ದಿವಸ ಸಾಕು," ಎಂದಳು ಅವಳು. ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. "ಸೋಮವಾರದಿಂದ. ಒಂದೇ ಒಂದ್ಸಲ 'ಎಲ್ಲಿ' ಅಂತ ಬಾಯಿಬಿಟ್ರೂ ಆ ಕೋಣೆ ನಂದು."

"ಬಿಡದಿದ್ರೆ?"

"ಕೋಣೆ ಮಾತು ಇನ್ನೆತ್ತಲ್ಲ. ಹೆಡ್ ನರ್ಸಿಗೂ ಆಗಲ್ಲ ಅಂದ್ಬಿಡ್ತೀನಿ."

ಕೊನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಇಳಿಯಿತು. ನನಗೆ ಕೇಳಿಸಿತು. ಆದರೆ ಶೌರ್ಯ ಉಕ್ಕುತ್ತಿರುವ ಗಂಡಸಿಗೆ ಅಂಥ ಸಣ್ಣ ಸಂಗತಿಗಳು ಮುಖ್ಯವಾಗುವುದಿಲ್ಲ.

ತೀರ್ಪುಗಾರರು ನಮ್ಮಪ್ಪ. ಅಪ್ಪನಿಗೆ ಕಿವಿ ಮಂದ. ಚಹಾ ಆಯಿತೇ ಎಂದು ಅಡುಗೆಮನೆಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಕೇಳಿಸುತ್ತದೆ; ಗೇಟು ಹಾಕಿ ಬನ್ನಿ ಎಂದು ಪಕ್ಕದಲ್ಲೇ ನಿಂತು ಕೂಗಿದರೆ ಕೇಳಿಸುವುದಿಲ್ಲ. ನನ್ನ ಮಟ್ಟಿಗೆ ಆದರ್ಶ ತೀರ್ಪುಗಾರ ಎಂದುಕೊಂಡು ಒಪ್ಪಿದೆ.

ಕಚೇರಿಯಲ್ಲಿ ನಮ್ಮ ಸಾಹೇಬರಿಗೆ 'ಒಳಾಂಗಣ ಪರೀಕ್ಷೆ' ಎಂದು ಗಂಭೀರವಾಗಿ ಬರೆದುಕೊಟ್ಟು ಸ್ಕ್ಯಾನರ್ ತಂದೆ. ಭಾನುವಾರ ಬೆಳಗ್ಗೆ ಅದನ್ನು ಬೆನ್ನಿಗೇರಿಸಿ ಮನೆಯೊಳಗೆ ದಿಗ್ವಿಜಯ ಹೊರಟೆ. ಕಪಾಟುಗಳ ಬಾಗಿಲು ತೆರೆಸಿದೆ. ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದೆ. ಅಡುಗೆಮನೆ, ನಡುಮನೆ, ನಕ್ಷಾಲಯ, ಪ್ಯಾಸೇಜು, ಬಚ್ಚಲು, ಹಿತ್ತಿಲು ಯಾವುದನ್ನೂ ಬಿಡಲಿಲ್ಲ. ಬುರುಡೆ ಎರಡು ಸಲ ಬಾಗಿಲ ಮೇಲ್ಪಟ್ಟಿಗೆ ಬಡಿಯಿತು. ಅಪ್ಪ ಬಚ್ಚಲ ಬಾಗಿಲೆದುರು ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅಪ್ಪಾ, ಸ್ವಲ್ಪ ಅಲುಗಾಡದೆ ಕೂತ್ಕೊಳ್ಳಿ," ಎಂದೆ.

"ಎಪ್ಪತ್ತೆಂಟು ವರ್ಷಕ್ಕೆ ಮಗ ಮೊದಲನೇ ಸಲ ಸುಲಭದ ಕೆಲಸ ಹೇಳಿದ," ಎಂದು ಅಪ್ಪ ಹಾಗೇ ಕೂತರು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಎರಡು ಸಾವಿರದ ಮುನ್ನೂರ ಹನ್ನೊಂದು ವಿಳಾಸಗಳು ಸಿದ್ಧವಾದವು. ಅರಿಶಿನದ ಡಬ್ಬಿಗೂ ಒಂದು, ಉಗುರು ಕತ್ತರಿಗೂ ಒಂದು. ಮೊಬೈಲಿನಲ್ಲಿ ಮನೆ ತಿರುಗಿಸಿದರೆ ತಿರುಗುತ್ತದೆ, ಹಿಗ್ಗಿಸಿದರೆ ಹಿಗ್ಗುತ್ತದೆ. ವಸ್ತುವಿನ ಹೆಸರು ಒತ್ತಿದರೆ ಇಂಥ ಕೋಣೆ, ಇಂಥ ಗೋಡೆಯಿಂದ ಇಷ್ಟು, ನೆಲದಿಂದ ಇಷ್ಟು ಎಂದು ಬಾಣದ ಗುರುತು ತೋರಿಸುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಹೊಗಳಲಿಲ್ಲ, ಸೊಪ್ಪೂ ಹಾಕಲಿಲ್ಲ. "ಇದನ್ನೆಲ್ಲ ತೆಗೆದ ಕಡೆ ಇಡೋರು ಯಾರು?" ಎಂದು ಕೇಳಿ ಡಬ್ಬಿಗಳನ್ನು ಒಳಗಿಡತೊಡಗಿದಳು.

ಅಲ್ಲೇ ಎಡವಟ್ಟಾಯಿತು. ನಾನು ವೃತ್ತಿಯಿಂದ ಬಾಗಿಲುಗಳನ್ನು ಅಳೆಯುವವನು. ಬಾಗಿಲುಗಳದು ಒಂದು ದೊಡ್ಡ ಗುಣವೆಂದರೆ ಅವು ಇವತ್ತು ಇದ್ದಲ್ಲೇ ನಾಳೆಯೂ ಇರುತ್ತವೆ. ಬನಿಯನ್ನುಗಳಿಗೆ ಆ ಗುಣವಿಲ್ಲ.

ಸೋಮವಾರ ಬೆಳಗ್ಗೆ ಠೀವಿಯಿಂದ 'ನೀಲಿ ಅಂಗಿ' ಎಂದು ಒತ್ತಿದೆ. ಬಾಣ ನನ್ನನ್ನು ಹಿತ್ತಿಲಿಗೆ ಕರೆದೊಯ್ದಿತು. ಬಾವಿಕಟ್ಟೆಯಿಂದ ಏಳಡಿ ದೂರ, ನೆಲದಿಂದ ಐದೂಮುಕ್ಕಾಲು ಅಡಿ ಎತ್ತರ. ಅಲ್ಲಿ ಗಾಳಿ ಇತ್ತು. ಭಾನುವಾರ ಅದೇ ಗಾಳಿಯಲ್ಲಿ ಹಗ್ಗವಿತ್ತು, ಹಗ್ಗದ ಮೇಲೆ ಒಗೆದ ಅಂಗಿ ಇತ್ತು. ಈಗ ಎರಡೂ ಇಲ್ಲ. ನಾನು ಕೈ ಮೇಲೆತ್ತಿ ಆ ನಿಖರ ಸ್ಥಳವನ್ನು ತಡವುತ್ತ ನಿಂತೆ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನಾಚೆಯಿಂದ ನೋಡಿ, ತಾವೂ ಕೈ ಎತ್ತಿ ಬೀಸಿದರು.

"ಏನಾದ್ರೂ ಹುಡುಕ್ತಿದ್ದೀರಾ?" ಅಡುಗೆಮನೆ ಕಿಟಕಿಯಿಂದ ಹೆಂಡತಿ ಕೇಳಿದಳು.

"ವ್ಯಾಯಾಮ!" ಎಂದೆ.

ಕನ್ನಡಕದ ಕಥೆ ಇನ್ನೂ ಘೋರ. ಸ್ಕ್ಯಾನ್ ಮಾಡುವಾಗ ಅದು ನನ್ನ ಮೂಗಿನ ಮೇಲೇ ಇತ್ತು. ಬುರುಡೆ ತನ್ನನ್ನು ಹೊತ್ತವನನ್ನು ನೋಡುವುದಿಲ್ಲ. ಆದ್ದರಿಂದ ಎರಡು ಸಾವಿರದ ಮುನ್ನೂರ ಹನ್ನೊಂದು ವಸ್ತುಗಳಿಗೆ ವಿಳಾಸವಿದ್ದೂ ನನ್ನ ಕನ್ನಡಕ ಒಂದೇ ಅನಾಥ. ಕೇಳಿದೆನೇ? ಇಲ್ಲ. ಪ್ರಾಣ ಹೋದರೂ ಕೇಳುವುದಿಲ್ಲ. ಹಳದಿ ಅಂಗಿ ತೊಟ್ಟು, ಕನ್ನಡಕವಿಲ್ಲದೆ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅಪ್ಪನ ಚಪ್ಪಲಿ ಹಾಕಿಕೊಂಡು ತಲೆಯೆತ್ತಿ ಕಚೇರಿಗೆ ಹೋದೆ. ಅವತ್ತು ನಾನು ಒಂದು ನೀರಿನ ಟ್ಯಾಂಕಿಗೆ ಮೂರನೇ ಮಹಡಿಯ ಬಾಗಿಲೆಂದು ಕೋಡು ಕೊಟ್ಟೆನೆಂದು ಆಮೇಲೆ ತಿಳಿಯಿತು.

ಸಂಜೆ ಬಂದವನೇ ಮನೆಯವರನ್ನೆಲ್ಲ ನಡುಮನೆಯಲ್ಲಿ ಸೇರಿಸಿ (ಮನೆಯವರೆಲ್ಲ ಎಂದರೆ ಇಬ್ಬರು) ಆಜ್ಞೆ ಹೊರಡಿಸಿದೆ.

"ಇಂದಿನಿಂದ ಈ ಮನೆಯಲ್ಲಿ ಯಾವ ವಸ್ತುವೂ ಭಾನುವಾರದ ನಕ್ಷೆಯಲ್ಲಿರುವ ಸ್ಥಳ ಬಿಟ್ಟು ಕದಲಕೂಡದು. ಉಪಯೋಗಿಸಿದ ಮೇಲೆ ಅದೇ ವಿಳಾಸಕ್ಕೆ ವಾಪಸ್!"

ಅವಳು ಎದುರಾಡುತ್ತಾಳೆಂದು ಎದೆ ಸೆಟೆಸಿ ನಿಂತಿದ್ದೆ. ಅವಳು ಎದುರಾಡಲಿಲ್ಲ.

"ಆಗ್ಲಿ ಕಣ್ರೀ. ಆ ನಕ್ಷೆ ನನ್ನ ಮೊಬೈಲಿಗೂ ಹಾಕ್ಕೊಡಿ," ಎಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬಾಗಿಲ ಹಿಂದೆ ನನ್ನ ಒಂಟಿ ಸಾಕ್ಸು ಬಿದ್ದಿತ್ತು. ಒಗೆದ ಸಾಕ್ಸು. ಒಗೆದು, ಒಣಗಿಸಿ, ಮತ್ತೆ ಮುದುರಿ, ಭಾನುವಾರ ಬಿದ್ದಿದ್ದ ಜಾಗದಲ್ಲೇ ಬೀಳಿಸಲಾಗಿತ್ತು.

"ಇದೇನೇ ಇದು?"

"ಸಾಕ್ಸು. ನಡುಮನೆ, ಪೂರ್ವದ ಗೋಡೆಯಿಂದ ಒಂಬತ್ತಿಂಚು, ನೆಲದಿಂದ ಸೊನ್ನೆ. ನೋಡ್ಕೊಳ್ಳಿ ಬೇಕಾದ್ರೆ."

ಒದ್ದೆ ಟವೆಲು ದಿನವೂ ನನ್ನ ಕುರ್ಚಿಯ ಮೇಲೆಯೇ ಇರುತ್ತಿತ್ತು. ಅದು ನಾನೇ ಭಾನುವಾರ ಎಸೆದದ್ದು. ಅದು ಒಣಗಿದರೆ ಅವಳು ನೀರು ಚಿಮುಕಿಸುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅರ್ಧ ಲೋಟ ತಣ್ಣನೆಯ ಚಹಾ, ದಿನವೂ ಹೊಸದಾಗಿ ಮಾಡಿ ಆರಿಸಿಟ್ಟದ್ದು. ಬಕೆಟ್ಟು ಪ್ಯಾಸೇಜಿನ ನಟ್ಟನಡುವೆ. ನಾನು ಅದನ್ನು ಎಡವಿ ಬೀಳುತ್ತಿದ್ದೆ, ಎದ್ದು ಅದನ್ನು ಅದರ ಅಧಿಕೃತ ಸ್ಥಾನದಲ್ಲೇ ಮರುಸ್ಥಾಪಿಸುತ್ತಿದ್ದೆ. ಆಜ್ಞೆ ನನ್ನದೇ ಅಲ್ಲವೇ!

ಎಲ್ಲಕ್ಕಿಂತ ಮಿಗಿಲಾದವರು ಅಪ್ಪ. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಬಚ್ಚಲ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು ಕೂರುತ್ತಿದ್ದರು.

"ಅಪ್ಪಾ, ಕಚೇರಿಗೆ ಹೊತ್ತಾಯ್ತು. ಸ್ವಲ್ಪ ಆಚೆ ಸರೀರಿ."

"ಆಗಲ್ಲಪ್ಪ. ನನ್ನ ವಿಳಾಸ ಇದೇ."

"ನೀವು ವಸ್ತು ಅಲ್ಲ ಅಪ್ಪಾ!"

"ನಕ್ಷೇಲಿದ್ದೀನಲ್ಲ. ಸೊಸೆ ತೋರಿಸಿದ್ಲು. ತಲೆ ಎಷ್ಟು ಚೆನ್ನಾಗಿ ಬಂದಿದೆ."

ನಾನು ಜಗ್ಗಲಿಲ್ಲ. ಅಪ್ಪನ ಕುರ್ಚಿಯ ತೋಳಿನ ಮೇಲಿಂದ ಹತ್ತಿ ಇಳಿದು ಸ್ನಾನಕ್ಕೆ ಹೋದೆ. ಹಾಗೇ ಹತ್ತಿ ಇಳಿದು ಬಂದೆ. ಮೊಣಕೈ ಊದಿಕೊಂಡಿತ್ತು, ಕಾಲ ಹೆಬ್ಬೆರಳು ಒಡೆದಿತ್ತು. ಒದ್ದೆ ಟವೆಲಿನ ಮೇಲೆ ಕೂತು ಕೂತು ಎಲ್ಲೆಲ್ಲೋ ನವೆ ಶುರುವಾಗಿತ್ತು. ಆದರೆ ಒಂದು ಮಾತು ನೆನಪಿಡಿ: ಹದಿಮೂರು ದಿನ ಕಳೆದರೂ ನನ್ನ ಬಾಯಿಂದ 'ಎಲ್ಲಿ' ಎಂಬ ಶಬ್ದ ಹೊರಟಿರಲಿಲ್ಲ. ಇತಿಹಾಸದಲ್ಲಿ ಇಂಥ ಗಂಡಂದಿರು ವಿರಳ.

ಹದಿನಾಲ್ಕನೆಯ ದಿನ ಮತ್ತೆ ಭಾನುವಾರ. ನಾನು ಗೆಲುವಿನ ಹೊಸ್ತಿಲಲ್ಲಿದ್ದೆ. ಹೆಂಡತಿ ಬೆಳಗಿನಿಂದ ಹೊಲಿಯಲಿಲ್ಲ. ಪ್ಯಾಸೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಸೋತವರು ಗೆದ್ದವರ ಕೆಲಸವನ್ನು ಮೆಚ್ಚಿ ನೋಡುವುದು ಸಹಜವೆಂದು ನಾನು ಉದಾರವಾಗಿ ಹತ್ತಿರ ಹೋದೆ.

"ಹೇಗಿದೆ?"

"ಚೆನ್ನಾಗಿದೆ. ಈ ಗೋಡೆ ಯಾಕಿಷ್ಟು ದಪ್ಪ?"

"ಯಾವ ಗೋಡೆ?"

"ನಿಮ್ಮ ಕೋಣೆಗೂ ಪ್ಯಾಸೇಜಿಗೂ ನಡುವೆ ಇರೋದು. ಒಟ್ಟು ಅಳತೆಯಲ್ಲಿ ಆ ಕಡೆಯಿಂದ ನಿಮ್ಮ ಕೋಣೆ ಅಳತೆ, ಈ ಕಡೆಯಿಂದ ಪ್ಯಾಸೇಜಿನ ಅಳತೆ ಕಳೆದ್ರೆ ನಡುವೆ ಇಪ್ಪತ್ತೈದಿಂಚು ಉಳಿಯತ್ತೆ. ಇಪ್ಪತ್ತೈದಿಂಚಿನ ಗೋಡೆ ಯಾರ್ರೀ ಕಟ್ತಾರೆ?"

ನಾನು ನಕ್ಕೆ. ಮೂರು ಆಯಾಮದ ನಕ್ಷೆ ಓದುವುದೆಂದರೆ ಲಂಗದ ಅಳತೆ ಓದಿದ ಹಾಗಲ್ಲ ಎಂದು ವಿವರಿಸಿದೆ. ಹಳೇ ಕಾಲದ ಮನೆ, ಹಳೇ ಕಾಲದ ಗೋಡೆ ಎಂದೆ. ಲೇಸರ್ ಸುಳ್ಳು ಹೇಳುವುದಿಲ್ಲ ಎಂದೆ.

ಅವಳು ಕೊರಳಲ್ಲಿದ್ದ ಟೇಪು ತೆಗೆದು, ನನ್ನ ಕೋಣೆಗೂ ಪ್ಯಾಸೇಜಿಗೂ ನಡುವಿನ ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಗೋಡೆಯ ದಪ್ಪಕ್ಕೆ ಟೇಪು ಹಿಡಿದಳು.

"ಒಂಬತ್ತು," ಎಂದಳು.

"ಸರಿಯಾಗಿ ಹಿಡಿ."

"ಒಂಬತ್ತು. ಬೇಕಾದ್ರೆ ನೀವೇ ಹಿಡೀರಿ."

ಹಿಡಿದೆ. ಒಂಬತ್ತು. ಮೇಲೆ ಹಿಡಿದೆ, ಒಂಬತ್ತು. ಕೆಳಗೆ ಹಿಡಿದೆ, ಒಂಬತ್ತು. ಮೊಬೈಲು ನೋಡಿದೆ, ಇಪ್ಪತ್ತೈದು.

"ಹದಿನಾರಿಂಚು ಕಮ್ಮಿ ಬೀಳತ್ತೆ," ಎಂದಳು ಹೆಂಡತಿ. "ಒಂದು ಕೋಟಲ್ಲಿ ಹದಿನಾರಿಂಚು ಬಟ್ಟೆ ಲೆಕ್ಕಕ್ಕೆ ಸಿಗದೇ ಹೋದ್ರೆ ಟೈಲರನ್ನ ಕಳ್ಳಿ ಅಂತಾರೆ. ಸರ್ವೇಯರನ್ನ ಏನಂತಾರೋ ನಂಗೊತ್ತಿಲ್ಲ."

ನೋಡಿ, ಕನ್ನಡಕ ಹೋದರೆ ಸಹಿಸಬಹುದು. ಅಂಗಿ ಹೋದರೆ ಸಹಿಸಬಹುದು. ನಾನು ಇಪ್ಪತ್ತು ವರ್ಷ ಈ ಊರಿನ ಗೋಡೆಗಳನ್ನು ಅಳೆದವನು, ಒಂದಿಂಚಿಗಾಗಿ ಇಬ್ಬರು ಅಣ್ಣತಮ್ಮಂದಿರ ಜಗಳ ಬಿಡಿಸಿದವನು. ನನ್ನದೇ ಮನೆಯಲ್ಲಿ, ನನ್ನದೇ ಕೋಣೆಯಲ್ಲಿ, ನನ್ನದೇ ಯಂತ್ರದ ಮುಂದೆ ಹದಿನಾರಿಂಚು ಮಾಯ! ಟೇಪು ನೆಲಕ್ಕೆಸೆದು ಕೂಗಿದೆ:

"ಇಲ್ಲ, ಸಾಧ್ಯವೇ ಇಲ್ಲ! ಹದಿನಾರಿಂಚು ಎಲ್ಲಿಗೆ ಹೋಯ್ತು? ಎಲ್ಲಿ? ಎಲ್ಲಿ ಹೋಯ್ತೇ?"

ಹೆಂಡತಿ ಬಗ್ಗಿ ಟೇಪು ಎತ್ತಿಕೊಂಡು ಅಪ್ಪನ ಕಡೆ ನೋಡಿದಳು.

"ಮೂರು ಸಲ," ಎಂದರು ಅಪ್ಪ, ಬಚ್ಚಲ ಬಾಗಿಲಿನಿಂದ. "ಒಂದ್ಸಲ ಸಾಕಿತ್ತು."

ನಾನು ವಾದಿಸಿದೆ. ಪಂದ್ಯ ಇದ್ದದ್ದು ವಸ್ತುಗಳ ಬಗ್ಗೆ, ಇಂಚು ವಸ್ತುವಲ್ಲ, ಅಳತೆ ಎಂದೆ. ವೃತ್ತಿಪರ ಪ್ರಶ್ನೆ, ಗೃಹಕೃತ್ಯದ ಪ್ರಶ್ನೆಯಲ್ಲ ಎಂದೆ. ಅಪ್ಪನಿಗೆ ತಕ್ಷಣ ಕಿವಿ ಮಂದವಾಯಿತು. ಹೆಂಡತಿ ಆಗಲೇ ನನ್ನ ಕೋಣೆಯೊಳಗೆ ಹೋಗಿ ಮೊದಲನೆಯ ರ‍್ಯಾಕಿನ ನಕ್ಷೆಗಳನ್ನು ಇಳಿಸುತ್ತಿದ್ದಳು.

ಅರ್ಧ ರ‍್ಯಾಕು ಖಾಲಿಯಾಗುವ ಹೊತ್ತಿಗೆ ಹದಿನಾರಿಂಚು ಸಿಕ್ಕಿತು. ಹನ್ನೊಂದು ವರ್ಷದ ಹಿಂದೆ ಆ ಗೋಡೆಗೆ ತೇವ ಬಂದು ಸುಣ್ಣ ಬಳಿಸಿದ್ದೆವು. ಅದಕ್ಕೆಂದು ರ‍್ಯಾಕುಗಳನ್ನು ಮುಂದಕ್ಕೆ ಎಳೆದಿದ್ದೆವು. ಮತ್ತೆ ಹಿಂದಕ್ಕೆ ತಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಆಮೇಲೆ ತಳ್ಳೋಣ ಎಂದುಕೊಂಡು ಸುರುಳಿಗಳನ್ನು ಒತ್ತೊತ್ತಾಗಿ ತುಂಬಿಬಿಟ್ಟೆ. ಲೇಸರ್ ಕಿರಣ ಬಂದು ಬಡಿದದ್ದು ಆ ಸುರುಳಿ ಸಾಲಿಗೆ. ಅದನ್ನೇ ಅದು ಗೋಡೆ ಎಂದಿತು, ನಾನೂ ಗೋಡೆ ಎಂದೆ.

ಆ ಸಂದಿನಲ್ಲಿ ಏನೇನಿತ್ತು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳುತ್ತೇನೆ. ಅಪ್ಪನ ಮೂರು ಕನ್ನಡಕ. ಮೇಲಿನ ಅರೆಯಿಂದ ನಕ್ಷೆ ಎಳೆಯಲು ತಂದಿದ್ದ ಅಪ್ಪನ ಊರುಗೋಲು. ಎರಡು ಟಾರ್ಚು. ನಕ್ಷೆಯ ಮೂಲೆ ಹಾರದಂತೆ ಇಡಲು ತಂದಿದ್ದ ಕುಕ್ಕರಿನ ಸೀಟಿ. ಮೊನ್ನೆ ಕಾಣೆಯಾದ ನನ್ನದೇ ಕನ್ನಡಕ. 'ಒಂದು ನಿಮಿಷ, ಈಗಲೇ ಕೊಡ್ತೀನಿ' ಎಂದು ನಾನು ಒಯ್ದು, ರ‍್ಯಾಕಿನ ನೆತ್ತಿಯ ಮೇಲಿಟ್ಟ, ಅಲ್ಲಿಂದ ಹಿಂದಕ್ಕೆ ಜಾರಿ ಬಿದ್ದ, ಆಮೇಲೆ ಈ ಮನೇಲಿ ವಸ್ತು ಇಟ್ಟ ಕಡೆ ಇರಲ್ಲ ಎಂದು ನಾನು ಕೂಗಾಡಿದ ಹನ್ನೊಂದು ವರ್ಷದ ಸಕಲ ಸಂಪತ್ತೂ ಅಲ್ಲಿತ್ತು. ಎಲ್ಲಕ್ಕೂ ಒಂದೇ ವಿಳಾಸ.

ಅವಳು ಬಗ್ಗಿ, ಕೈ ಚಾಚಿ, ಧೂಳಿನೊಳಗಿಂದ ದೊಡ್ಡದೊಂದು ಕತ್ತರಿ ಎಳೆದಳು. ಹೊಲಿಗೆ ಕಲಿತು ಮುಗಿಸಿದಾಗ ಅವಳ ಅಪ್ಪ ಕೊಡಿಸಿದ್ದ ಕತ್ತರಿ. ಅದು ಕಳೆದಾಗ ಅವಳು ಎರಡು ದಿನ ಊಟ ಮಾಡಿರಲಿಲ್ಲ. ನಿನ್ನ ವಸ್ತುವನ್ನು ನೀನೇ ಜೋಪಾನ ಮಾಡಿಕೊಳ್ಳಬೇಕು ಎಂದು ನಾನು ಆಗ ಬುದ್ಧಿ ಹೇಳಿದ್ದೆ. ಅವಳು ಸೆರಗಿನಿಂದ ಧೂಳು ಒರೆಸಿ, ಕತ್ತರಿಯ ಬಾಯಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಇದ್ರಲ್ಲಿ ಕಾಗದ ಕತ್ತರಿಸಿದ್ರಾ?" ಎಂದು ಕೇಳಿದಳು. ಬೈಯಲಿಲ್ಲ.

ನನಗೆ ನಿಜವಾಗಿ ನಾಚಿಕೆಯಾಯಿತು. "ಹೂಂ" ಎಂದೆ. ಮಧ್ಯಾಹ್ನ ಊಟ ಮಾಡದೆ ಎಲ್ಲ ರ‍್ಯಾಕನ್ನೂ ನಾನೇ ಖಾಲಿ ಮಾಡಿದೆ. ಸಾಣೆ ಹಿಡಿಯುವವನ ಅಂಗಡಿಗೆ ನಾನೇ ಹೋಗಿ ಬಂದೆ.

ಒಂದನೇ ತಾರೀಕು ಹೆಡ್ ನರ್ಸು ಬಂದಾಗ ಕೋಣೆಯಲ್ಲಿ ಮೆಷಿನ್ನು ಇತ್ತು, ಬೆಳಕಿತ್ತು, ಆರಡಿ ಉದ್ದದ ಮೇಜಿತ್ತು. (ಮೇಜು ನನ್ನದು.) ನಲವತ್ತು ಕೋಟಿನ ಬಟ್ಟೆ ಬಂತು. ನನ್ನ ನಕ್ಷೆಗಳೂ ನಾನೂ ಪ್ಯಾಸೇಜಿಗೆ ಬಂದೆವು. ಈಗ ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ನಾನು ಎದ್ದು, ಸ್ಟೂಲು ಎತ್ತಿಕೊಂಡು, ಗೋಡೆಗೆ ಅಂಟಿ ನಿಲ್ಲುತ್ತೇನೆ. ಅಪ್ಪ ದಿನಕ್ಕೆ ಹನ್ನೆರಡು ಸಲ ಹೋಗುತ್ತಾರೆ. ಮೊದಲು ಇಷ್ಟು ಸಲ ಹೋಗುತ್ತಿರಲಿಲ್ಲ.

ಇಷ್ಟಕ್ಕೇ ಬಾಲ ಮುದುರುವ ಆಸಾಮಿ ನಾನಲ್ಲ. ಆದರೆ ನಗರಸಭೆಯಿಂದ ಹೊಸದೊಂದು ಸಂಕಟ ಬಂತು. ಬೀದಿಗೆ ಬಾಗಿಲಿದ್ದು ಒಳಗೆ ಉದ್ಯೋಗ ನಡೆಯುವ ಜಾಗವನ್ನು ಅಂಗಡಿಯೆಂದು ದಾಖಲಿಸಬೇಕು. ಆ ಬಾಗಿಲಿನ ಕೋಡು ಅಂಗಡಿಗೇ ಸೇರತಕ್ಕದ್ದು. ನಮ್ಮ ಮನೆಯ ಏಕೈಕ ಕೋಡು ಇದ್ದದ್ದು ಆ ಬಾಗಿಲಿಗೆ ತಾನೇ! ಅದು ಟೈಲರ್ ಅಂಗಡಿಯ ಪಾಲಾಯಿತು. ಫಲಕವನ್ನು ಮೊಳೆ ಹೊಡೆದು ಕೂರಿಸಿದವನೂ ನಾನೇ, ಅದು ನನ್ನ ಡ್ಯೂಟಿ. ಹಾಗಾದರೆ ಮನೆಗೆ? ಓಣಿಯ ಬಾಗಿಲಿಗೆ ಬೇರೆ ಕೋಡು ಕೇಳಿ ಅಂದೇ ಅರ್ಜಿ ಬರೆದೆ. 'ಹಿರಿಯ ನಾಗರಿಕರೊಬ್ಬರೂ ಒಬ್ಬ ನಿಷ್ಠಾವಂತ ನೌಕರನೂ ವಾಸವಿರುವ ಗೃಹವು ವಿಳಾಸವಿಲ್ಲದೆ ನರಳುತ್ತಿದ್ದು' ಎಂದು ಕಲ್ಲು ಕರಗುವಂತೆ ಬರೆದು, ಕಚೇರಿಯ ಪೆಟ್ಟಿಗೆಗೆ ಹಾಕಿದೆ.

ಮೂರು ದಿನದ ಮೇಲೆ ಅರ್ಜಿ ವಿಚಾರಣೆಗಾಗಿ ಸಂಬಂಧಪಟ್ಟ ಹಿರಿಯ ಸರ್ವೇಯರರ ಮೇಜಿಗೆ ಬಂತು. ಅಂದರೆ ನನ್ನ ಮೇಜಿಗೆ.

ನಾನು ಕರ್ತವ್ಯದ ಮುಂದೆ ನೆಂಟಸ್ತಿಕೆ ನೋಡುವವನಲ್ಲ. ಟೇಪು ತೆಗೆದುಕೊಂಡು ಸ್ಥಳ ಪರಿಶೀಲನೆಗೆ ಹೋದೆ. ನಿಯಮ ಹನ್ನೆರಡರ ಪ್ರಕಾರ (ಆ ನಿಯಮದ ಕರಡು ಬರೆದವನು ಯಾರೆಂದು ದಯವಿಟ್ಟು ಕೇಳಬೇಡಿ) ಮೂವತ್ತಿಂಚಿಗಿಂತ ಕಡಿಮೆ ಅಗಲದ ತೆರಪು ಬಾಗಿಲಲ್ಲ, ಕಿಟಕಿ. ಓಣಿಯ ಬಾಗಿಲು ಇಪ್ಪತ್ತೊಂಬತ್ತೂವರೆ. ಮೂರು ಸಲ ಅಳೆದೆ. ಇಪ್ಪತ್ತೆರಡು ವರ್ಷದಿಂದ ನಾವು ಮನೆಯೊಳಗೆ ಕಿಟಕಿಯ ಮೂಲಕ ಬಂದು ಹೋಗುತ್ತಿದ್ದೇವೆಂದು ಅವತ್ತು ಗೊತ್ತಾಯಿತು. 'ಅರ್ಜಿಯನ್ನು ತಿರಸ್ಕರಿಸಲಾಗಿದೆ' ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದೆ.

ತಿರಸ್ಕಾರದ ಪತ್ರವನ್ನು ಏಳು ದಿನದೊಳಗೆ ಅರ್ಜಿದಾರನಿಗೆ ಕಳಿಸಬೇಕು. ಕಳಿಸಲು ಅರ್ಜಿದಾರನಿಗೆ ಕೋಡಿಲ್ಲ. ಕೋಡು ತುಂಬದೆ ಕಂಪ್ಯೂಟರು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಅರ್ಧ ಗಂಟೆ ಗುದ್ದಾಡಿದೆ. ಕೊನೆಗೆ ಬೇರೆ ದಾರಿ ಕಾಣದೆ ಅಂಗಡಿಯ ಕೋಡು ಹಾಕಿ, ನನ್ನ ಹೆಸರಿನ ಕೆಳಗೆ 'ಕೇರಾಫ್ ಹೆಂಡತಿ' ಎಂದು ಬರೆದೆ.

ಪತ್ರ ಒಂದು ಗೇಣೂ ಆಚೀಚೆ ಆಗದೆ ಬಂತು. ಹೆಂಡತಿ ಸಹಿ ಮಾಡಿ ತೆಗೆದುಕೊಂಡು, ಕೋಟುಗಳ ನಡುವೆ ಕೂತು ಗಟ್ಟಿಯಾಗಿ ಓದಿದಳು.

"ತಿರಸ್ಕರಿಸಲಾಗಿದೆ ಅಂತಿದೆ ಕಣ್ರೀ. ಯಾರ್ರೀ ಈ ಸರ್ವೇಯರು? ಅರ್ಧ ಇಂಚಿಗೆ ಹಿಂಗಾ ಮಾಡೋದು? ಹೆಂಡ್ತಿ ಮಕ್ಳು ಇಲ್ವಾ ಅವನಿಗೆ?"

"ನಿಯಮ ಅಂದ್ಮೇಲೆ ನಿಯಮ," ಎಂದೆ ಪ್ಯಾಸೇಜಿನಿಂದ. "ಮೇಲ್ಮನವಿಗೆ ಮೂವತ್ತು ದಿನ ಇದೆ. ಹಾಕ್ತೀನಿ. ನಾನು ಬಿಡೋನಲ್ಲ!"

"ಹಾಕಿ, ಖಂಡಿತ ಹಾಕಿ. ಆದ್ರೆ ಮೇಲಿನ ಒಕ್ಕಣೆ ಸರಿಯಾಗಿ ಬರೀರಿ. ಈ ವಿಳಾಸದಲ್ಲಿ ಹೆಂಡತಿ ಅಂತ ಯಾರೂ ಇಲ್ಲ. ಬೋರ್ಡು ನೋಡಿ, ಟೈಲರ್ ಅಂತಿದೆ."

ಒಳಗೆ ಮೆಷಿನ್ನು ಮತ್ತೆ ಓಡತೊಡಗಿತು. ನಾನು ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, 'ಕೇರಾಫ್ ಟೈಲರ್' ಎಂದು ದುಂಡಗೆ ಬರೆದು ಮೇಲ್ಮನವಿ ಶುರುಮಾಡಿದೆ. ಬಹಳ ಖಾರವಾಗಿ ಬರೆದಿದ್ದೇನೆ. ಒಂದೊಂದು ವಾಕ್ಯವೂ ಆ ಸರ್ವೇಯರನ ಮುಖಕ್ಕೆ ಹೊಡೆದ ಹಾಗಿದೆ. ಆದರೂ ಅಷ್ಟು ಸುಲಭಕ್ಕೆ ಬಗ್ಗುವ ಮನುಷ್ಯ ಅವನಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.